ನಮಗೆ ಬಿದ್ದ 77 ಮಾರ್ಕು

ಅಮೆರಿಕದ ಕ್ಲೈಂಟ್ ಜೊತೆ ಕೆಲಸ ಶುರುವಾಗುವ ಮುಂಚೆ ಆಫೀಸಿನಲ್ಲಿ ಒಂದು ಟ್ರೈನಿಂಗ್ ಇಡ್ತಾರಲ್ಲ, ನೀವೂ ಕೂತಿರುತ್ತೀರಿ. ಸ್ಲೈಡಿನ ಮೇಲೆ ಎರಡು ಕಂಬ. ‘ಪವರ್ ಡಿಸ್ಟೆನ್ಸ್’: ಭಾರತ 77, ಅಮೆರಿಕ 40. ಅಂದರೆ ಮೇಲು-ಕೀಳನ್ನು ನಾವು ಸಹಜ ಅಂತ ಒಪ್ಪಿಕೊಳ್ಳುವವರು, ಅವರು ಪ್ರಶ್ನೆ ಕೇಳುವವರು. ‘ಇದು ನಮ್ಮ ಕಲ್ಚರ್’ ಅಂತಾರೆ ಟ್ರೈನರ್. ನಾವೆಲ್ಲ ತಲೆ ಆಡಿಸುತ್ತೇವೆ. ಅಲ್ಲಿಗೆ ಅವರ ಮಾತು ಸಾಬೀತಾದ ಹಾಗೇ!

ಈ ಮಾರ್ಕು ಕೊಟ್ಟವರು ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್. 1967ರಿಂದ 1973ರ ನಡುವೆ ಐಬಿಎಂ ಕಂಪನಿ ಹಲವು ದೇಶಗಳ ತನ್ನ ನೌಕರರಿಂದ ತುಂಬಿಸಿಕೊಂಡ 1,16,000ಕ್ಕೂ ಹೆಚ್ಚು ಪ್ರಶ್ನಾವಳಿಗಳೇ ಅವರ ಬಂಡವಾಳ. 1980ರಲ್ಲಿ ಪುಸ್ತಕ ಬಂತು. ಉಪಾಯವೇನೋ ಜಾಣತನದ್ದೇ: ಕಂಪನಿ ಒಂದೇ, ಕೆಲಸವೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಉಳಿಯುವ ವ್ಯತ್ಯಾಸ ದೇಶದ್ದೇ ಇರಬೇಕು.

ಆದರೆ ಒಂದು ಕಂಪನಿಯ ನೌಕರರು ಇಡೀ ದೇಶ ಆಗ್ತಾರಾ? 2002ರಲ್ಲಿ ಬ್ರೆಂಡನ್ ಮೆಕ್‌ಸ್ವೀನಿ ಇದನ್ನೇ ಕೇಳಿದರು. ಪಾಕಿಸ್ತಾನದಲ್ಲಿ ಮೊದಲ ಸುತ್ತಿಗೆ ಸಿಕ್ಕವರು 37 ಜನ, ಎರಡನೇ ಸುತ್ತಿಗೆ 70 ಅಂತ ಅವರು ತೋರಿಸಿಕೊಟ್ಟರು.

ನನ್ನ ತಕರಾರು ಮಾತ್ರ ಪ್ರಶ್ನೆಗಳ ಬಗ್ಗೆ. ಪವರ್ ಡಿಸ್ಟೆನ್ಸ್ ಅಂಕಿ ನಿಂತಿರುವುದು ಮೂರೇ ಪ್ರಶ್ನೆಗಳ ಮೇಲೆ. ಮ್ಯಾನೇಜರ್ ಮಾತು ಒಪ್ಪದಿದ್ದಾಗ ಹಾಗಂತ ಹೇಳಲು ನೌಕರರು ಹೆದರುತ್ತಾರಾ? ನಿಮ್ಮ ಬಾಸ್ ತೀರ್ಮಾನ ತಗೊಳ್ಳುವ ರೀತಿ ಎಂಥದು? ನಿಮಗೆ ಎಂಥ ಬಾಸ್ ಇಷ್ಟ? ಗಮನಿಸಿ, ನಿಮ್ಮ ಇಷ್ಟವನ್ನು ಕೇಳುವುದು ಕೊನೆಯದು ಮಾತ್ರ. ಮೊದಲ ಎರಡು ಕೇಳುವುದು ಆಫೀಸಿನಲ್ಲಿ ನಡೆಯುತ್ತಿರುವುದನ್ನು. ಭಯಕ್ಕೆ ‘ಮೌಲ್ಯ’ ಅಂತ ಹೆಸರಿಟ್ಟರೆ ಹೆದರಿಸಿದವರು ತಪ್ಪಿಸಿಕೊಂಡರು.

ಬಾಸ್ ಎದುರು ಬಾಯಿ ಬಿಡದ ಇದೇ ನಾವು ಅಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ ಮೇಂಟೆನೆನ್ಸ್ ದುಡ್ಡಿಗಾಗಿ ಸೆಕ್ರೆಟರಿಯ ನೀರಿಳಿಸುವುದಿಲ್ಲವೇ? ಅಲ್ಲಿ ನಮ್ಮ ಸಂಸ್ಕೃತಿ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಸೆಕ್ರೆಟರಿ ಕೈಯಲ್ಲಿ ನಮ್ಮ ಇನ್‌ಕ್ರಿಮೆಂಟ್ ಇಲ್ಲ, ಅಷ್ಟೇ.

ದೇಶದ ಸರಾಸರಿಯನ್ನು ಒಬ್ಬ ವ್ಯಕ್ತಿಯ ತಲೆಗೆ ಕಟ್ಟಬೇಡಿ ಅಂತ ಸ್ವತಃ ಹಾಫ್‌ಸ್ಟೆಡ್ ಎಚ್ಚರಿಸಿದ್ದರು. ಸ್ಲೈಡಿನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಹೋದ ವರ್ಷ ನಮ್ಮ ಟೀಮಿನ ಹುಡುಗಿಯೊಬ್ಬಳಿಗೆ ಕ್ಲೈಂಟ್ ಕೊಟ್ಟ ಗಡುವಿನೊಳಗೆ ಕೆಲಸ ಮುಗಿಯಲ್ಲ ಅಂತ ಗೊತ್ತಿತ್ತು. ಕಾಲ್‌ನಲ್ಲಿ ಸುಮ್ಮನಿದ್ದಳು. ಗಡುವು ತಪ್ಪಿತು. ‘ಇಂಡಿಯನ್ಸ್‌ಗೆ ನೋ ಅನ್ನೋಕೆ ಬರಲ್ಲ’ ಅಂತ ಆ ಕಡೆಯವರು ನಕ್ಕರು. ನಾನೂ ನಕ್ಕೆ. ಆಮೇಲೆ ಅವಳನ್ನೇ ಕೇಳಿದೆ, ಯಾಕಮ್ಮಾ ಹೇಳಲಿಲ್ಲ ಅಂತ. ‘ಹಿಂದಿನ ಸಲ ಹೇಳಿದ್ದೆ ಸರ್. ನೆಗೆಟಿವ್ ಆಗಿ ಯೋಚಿಸ್ತಾಳೆ ಅಂತ ನನ್ನ ಅಪ್ರೈಸಲ್‌ನಲ್ಲಿ ಬಂತು.’

ಆ ಅಪ್ರೈಸಲ್ ಬರೆದವನು ನಾನೇ.