ಆಂಡ್ರಾಯ್ಡ್ ಆದೇಶ: ದಂಡ ಉಳಿಯಿತು, ನಿರ್ದೇಶನ ಸೋರಿತು

ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದಾಗ ಸುದ್ದಿಯಾದದ್ದು ಆ ಮೊತ್ತ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ಗೆ ಆ ವರ್ಷ ಬಂದ ವರಮಾನ ಸುಮಾರು 28,300 ಕೋಟಿ ಡಾಲರ್. ಆ ಲೆಕ್ಕದಲ್ಲಿ ದಂಡ ತುಂಬಲು ಕಂಪನಿಗೆ ಐದು ಗಂಟೆಯ ವರಮಾನ ಸಾಕು. ಆದೇಶದ ನಿಜವಾದ ಬಲವಿದ್ದದ್ದು ದಂಡದ ಜೊತೆಗಿದ್ದ ಹತ್ತು ನಿರ್ದೇಶನಗಳಲ್ಲಿ.

ಫೋನ್ ತಯಾರಕರಿಗೆ ಗೂಗಲ್‌ನ ಆಂಡ್ರಾಯ್ಡ್ ಬಿಟ್ಟಿಯಾಗಿ ಸಿಗುತ್ತದೆ. ಆದರೆ ಪ್ಲೇ ಸ್ಟೋರ್ ಇಲ್ಲದ ಫೋನು ಇಲ್ಲಿ ಮಾರಾಟವಾಗುವುದು ಕಷ್ಟ. ಪ್ಲೇ ಸ್ಟೋರ್ ಬೇಕೆಂದರೆ ಸರ್ಚ್, ಕ್ರೋಮ್, ಯೂಟ್ಯೂಬ್, ಮ್ಯಾಪ್ಸ್ ಎಲ್ಲವನ್ನೂ ಒಳಗೊಂಡ ಇಡೀ ಕಂತೆಯನ್ನು ಫೋನಿಗೆ ಹಾಕಬೇಕೆಂಬುದು ಆಗ ಇದ್ದ ಒಂದು ಕರಾರು. ಆಂಡ್ರಾಯ್ಡನ್ನು ತಮಗೆ ಬೇಕಾದಂತೆ ಬದಲಿಸಿದ ಫೋನು ಮಾಡಬಾರದೆಂಬುದು ಎರಡನೆಯದು. ಬೇರೆ ಸರ್ಚ್ ಇಡದಿದ್ದರೆ ಆದಾಯದಲ್ಲಿ ಪಾಲು ಕೊಡುತ್ತೇವೆಂಬುದು ಮೂರನೆಯದು. ಒಂದೊಂದಾಗಿ ನೋಡಿದರೆ ಮಾಮೂಲಿ ವ್ಯಾಪಾರ. ಸೇರಿಸಿ ನೋಡಿದರೆ ಸರ್ಚ್‌ನ ಸುತ್ತ ಹಾಕಿದ ಬೇಲಿ. ಇದನ್ನು ಯುರೋಪಿಯನ್ ಕಮಿಷನ್ 2018ರಲ್ಲೇ ಗುರುತಿಸಿ 434 ಕೋಟಿ ಯೂರೋ ದಂಡ ವಿಧಿಸಿತ್ತು. ನಮ್ಮ ಆಯೋಗದ ಹೆಚ್ಚುಗಾರಿಕೆ ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದರಲ್ಲಿದೆ. ಬೇರೆ ಆ್ಯಪ್ ಅಂಗಡಿಗಳಿಗೂ ಪ್ಲೇ ಸ್ಟೋರ್‌ನಲ್ಲಿ ಜಾಗ ಕೊಡಿ, ಮೊದಲೇ ಹಾಕಿದ ಆ್ಯಪ್‌ಗಳನ್ನು ಬಳಕೆದಾರರು ತೆಗೆದುಹಾಕಲು ಬಿಡಿ ಎಂದು ಅದು ಹೇಳಿತು.

ಸೋರಿದ್ದೂ ಆ ಭಾಗವೇ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಕ್ಕೆ ತಡೆ ಕೊಡಲಿಲ್ಲ. ಫೋನಿನ ಸರ್ಚನ್ನು ಬಳಕೆದಾರರೇ ಆರಿಸಿಕೊಳ್ಳುವ ಅವಕಾಶವನ್ನು ಗೂಗಲ್ ಪ್ರಕಟಿಸಿತು. ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಪೂರ್ತಿ ಎತ್ತಿಹಿಡಿದು, ಇವೆರಡೂ ಸೇರಿ ನಾಲ್ಕು ನಿರ್ದೇಶನಗಳನ್ನು ಹೊಡೆದುಹಾಕಿತು. ಹೊರಗಿನ ಆ್ಯಪ್‌ಗಳಿಂದ ಸುರಕ್ಷತೆಗೆ ಧಕ್ಕೆ ಎಂದು ಗೂಗಲ್ ಹೂಡುವ ವಾದವನ್ನು ತಳ್ಳಿಹಾಕುವಂತಿಲ್ಲ. ಯಾರೋ ಕಳಿಸಿದ ಎಪಿಕೆ (ಆ್ಯಪ್ ಅಳವಡಿಸುವ) ಕಡತ ಒತ್ತಿ ಹಣ ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಆದರೆ ಪ್ಲೇ ಸ್ಟೋರ್‌ನೊಳಗೇ ಬರುವ ಇನ್ನೊಂದು ಅಂಗಡಿಗೆ ಆ ವಾದ ಅಷ್ಟಾಗಿ ಒಗ್ಗುವುದಿಲ್ಲ. ಅಲ್ಲಿ ತಪಾಸಣೆ ಮಾಡುವವರು ಗೂಗಲ್‌ನವರೇ.

ಆ್ಯಪ್‌ಗಳು ಗೂಗಲ್‌ನದೇ ಪಾವತಿ ವ್ಯವಸ್ಥೆ ಬಳಸಬೇಕೆಂಬ ಷರತ್ತಿನ ಮೇಲೆ ಆಯೋಗ ನಡೆಸಿದ ಇನ್ನೊಂದು ಪ್ರಕರಣದಲ್ಲಿ ದಂಡವೂ ಕರಗಿತು: 936.44 ಕೋಟಿ ಇದ್ದದ್ದು 2025ರ ಮಾರ್ಚ್‌ನಲ್ಲಿ 216.69 ಕೋಟಿಗೆ ಇಳಿಯಿತು. ಈ ನಡುವೆ ಬೇರೆ ಪಾವತಿ ವ್ಯವಸ್ಥೆಗೆ ಅನುಮತಿ ಸಿಕ್ಕಿತಾದರೂ, ಅದನ್ನು ಬಳಸಿದವರಿಗೆ ಗೂಗಲ್ ಪಡೆಯುವ ಕಮಿಷನ್ ಇಳಿದದ್ದು ನಾಲ್ಕು ಶೇಕಡಾಂಶ ಮಾತ್ರ. ಹೊಸ ವ್ಯವಸ್ಥೆಯವರಿಗೆ ಕೊಡುವ ಶುಲ್ಕ ಕಳೆದರೆ ಆ್ಯಪ್ ಮಾಡುವವರಿಗೆ ಉಳಿಯುವುದು ಅಷ್ಟಕ್ಕಷ್ಟೇ. ಈ ಜಗಳದಲ್ಲಿ 2024ರ ಮಾರ್ಚ್‌ನಲ್ಲಿ ಭಾರತ್ ಮ್ಯಾಟ್ರಿಮೊನಿಯಂಥ ಆ್ಯಪ್‌ಗಳನ್ನು ಗೂಗಲ್ ತೆಗೆದುಹಾಕಿತು. ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ ಮರಳಿಸಿತು. ಸಚಿವರ ಮಾತಿನಿಂದ ಸಿಕ್ಕ ಇಂಥ ಪರಿಹಾರ ನಾಳೆ ಹೆಸರಿಲ್ಲದ ಸಣ್ಣ ಆ್ಯಪ್ ಒಂದಕ್ಕೂ ಸಿಕ್ಕೀತೆ?

ಸ್ಪರ್ಧಾ ಕಾಯ್ದೆಯ 2023ರ ತಿದ್ದುಪಡಿಯಿಂದ ಕಂಪನಿಯ ಜಾಗತಿಕ ವಹಿವಾಟಿನ ಮೇಲೆಯೇ ದಂಡ ಲೆಕ್ಕ ಹಾಕಬಹುದು. ಅದು ಒಳ್ಳೆಯದೇ. ಆದರೆ ಆಂಡ್ರಾಯ್ಡ್ ಪ್ರಕರಣದ ತನಿಖೆಗೆ ಅಪ್ಪಣೆಯಾದದ್ದು 2019ರಲ್ಲಿ, ಆದೇಶ ಬಂದದ್ದು ಮೂರು ವರ್ಷದ ಮೇಲೆ. ಅಷ್ಟರೊಳಗೆ ಮಾರುಕಟ್ಟೆ ಒಬ್ಬರ ಕೈಯಲ್ಲೇ ಗಟ್ಟಿಯಾಗುತ್ತದೆ, ಎದುರಾಳಿಗಳು ಸೋತು ಹಿಂದೆ ಸರಿಯುತ್ತಾರೆ. ಪ್ರತಿ ನಿರ್ದೇಶನಕ್ಕೂ ಗಡುವು ಇರಬೇಕು, ಅದು ಪಾಲನೆಯಾಯಿತೇ ಎಂದು ಸ್ವತಂತ್ರವಾಗಿ ಪರೀಕ್ಷಿಸಿ ವರದಿಯನ್ನು ಜನರ ಮುಂದಿಡಬೇಕು. ಅದಿಲ್ಲದಿದ್ದರೆ ದೊಡ್ಡ ಕಂಪನಿಗಳು ದಂಡವನ್ನೂ ವ್ಯಾಪಾರದ ಖರ್ಚಿನ ಬಾಬ್ತಿನಲ್ಲಿ ಬರೆದುಕೊಂಡು ಮುಂದುವರಿಯುತ್ತವೆ.