ಔಷಧಾಲಯದಲ್ಲಿ ಕಂಡ ವಿಶ್ವಾಸ

ಧಾರ್ಮಿಕ ವ್ಯಕ್ತಿಗಳ ಕುರಿತ ಚಲನಚಿತ್ರಗಳಲ್ಲಿ ಹೆಚ್ಚಿನವು ಎರಡು ಬಗೆಯವು. ಒಂದರಲ್ಲಿ ಪವಾಡಗಳಿರುತ್ತವೆ, ಇನ್ನೊಂದರಲ್ಲಿ ಹುತಾತ್ಮತೆ. ಎರಡನ್ನೂ ನೋಡಿದ ಪ್ರೇಕ್ಷಕ ಭಕ್ತಿಯಿಂದ ತಲೆಬಾಗಿ ಹೊರಬರುತ್ತಾನೆ. ಆದರೆ ತನ್ನ ಮನೆಗೆ, ಅಂಗಡಿಗೆ, ಬೀದಿಗೆ ಒಯ್ಯಬಹುದಾದದ್ದು ಅವನಿಗೆ ಸಿಕ್ಕಿರುವುದಿಲ್ಲ. ಪವಾಡ ಮಾಡುವುದು ಅವನಿಂದಾಗದು, ಪ್ರಾಣ ಕೊಡುವ ಸಂದರ್ಭ ಅವನಿಗೆ ಬಂದಿರುವುದಿಲ್ಲ. ಫ್ರೆಂಚ್ ನಿರ್ದೇಶಕ ಝೇವಿಯರ್ ಬೋವ್ವಾ ಅವರ 'ಆಫ್ ಗಾಡ್ಸ್ ಆ್ಯಂಡ್ ಮೆನ್' (2010) ಹುತಾತ್ಮರ ಕತೆಯೇ ಆಗಿದ್ದರೂ ಈ ದೋಷದಿಂದ ಬಹುಮಟ್ಟಿಗೆ ಪಾರಾಗಿದೆ. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಪಡೆದ ಈ ಚಿತ್ರವನ್ನು ಫ್ರಾನ್ಸ್‌ನಲ್ಲಿ 30 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಮುಸ್ಲಿಮರ ನಡುವೆ ಬದುಕಿದ ಕ್ರೈಸ್ತ ಸನ್ಯಾಸಿಗಳ ಕತೆಯಾದ್ದರಿಂದ ನಮ್ಮ ಓದುಗರು ಇದನ್ನು ಗಮನಿಸಲೇಬೇಕು.

ಕತೆ ನಿಜವಾದದ್ದು. ಅಲ್ಜೀರಿಯದ ಅಟ್ಲಾಸ್ ಬೆಟ್ಟಗಳಲ್ಲಿ, ಮೆಡಿಯಾ ಪಟ್ಟಣದ ಸಮೀಪ ತಿಭಿರಿನ್ ಎಂಬ ಹಳ್ಳಿಯಿದೆ. ಅಲ್ಲಿನ ಟ್ರಾಪಿಸ್ಟ್ ಮಠದಲ್ಲಿ ಫ್ರೆಂಚ್ ಸನ್ಯಾಸಿಗಳ ಒಂದು ಚಿಕ್ಕ ಗುಂಪು ವಾಸಿಸುತ್ತಿತ್ತು. ಟ್ರಾಪಿಸ್ಟರು ಮತ ಪ್ರಚಾರಕ್ಕೆ ಹೊರಡುವವರಲ್ಲ. ಪ್ರಾರ್ಥನೆ, ಮೌನ, ಮೈಮುರಿದು ದುಡಿಮೆ ಮತ್ತು ಸೇರಿದ ಮಠದಲ್ಲೇ ಕೊನೆಯ ತನಕ ನಿಲ್ಲುವ ಪ್ರತಿಜ್ಞೆ ಅವರ ಬದುಕು. 1992ರ ಜನವರಿಯಲ್ಲಿ ಅಲ್ಜೀರಿಯದ ಸೇನೆ ಚುನಾವಣೆಯನ್ನು ರದ್ದುಪಡಿಸಿದ ಬಳಿಕ ದೇಶ ಅಂತರ್ಯುದ್ಧಕ್ಕೆ ಬಿತ್ತು. 1993ರ ಡಿಸೆಂಬರ್‌ನಲ್ಲಿ ಮಠದ ಸಮೀಪ ಕೆಲಸ ಮಾಡುತ್ತಿದ್ದ 12 ಮಂದಿ ಕ್ರೊಯೇಶಿಯನ್ ಕಾರ್ಮಿಕರ ಹತ್ಯೆಯಾಯಿತು. ಅದಾಗಿ ಕೆಲವೇ ದಿನಗಳಲ್ಲಿ, ಕ್ರಿಸ್ಮಸ್‌ನ ಹಿಂದಿನ ರಾತ್ರಿ, ಶಸ್ತ್ರಧಾರಿಗಳು ಮಠದ ಬಾಗಿಲು ತಟ್ಟಿದರು. ಹೊರಟುಹೋಗುವಂತೆ ಸರಕಾರವೂ ಒತ್ತಾಯಿಸಿತು. ಸನ್ಯಾಸಿಗಳು ಹೋಗಲಿಲ್ಲ. 1996ರ ಮಾರ್ಚ್‌ನಲ್ಲಿ ಅವರಲ್ಲಿ ಏಳು ಮಂದಿಯನ್ನು ಅಪಹರಿಸಲಾಯಿತು. ಎರಡು ತಿಂಗಳ ಬಳಿಕ ಅವರ ರುಂಡಗಳು ಮಾತ್ರ ಸಿಕ್ಕಿದವು.

ಇಂತಹ ಕತೆ ಸಿಕ್ಕಿದ ನಿರ್ದೇಶಕ ಅಪಹರಣದಿಂದಲೋ ರಕ್ತದಿಂದಲೋ ಆರಂಭಿಸಬಹುದಿತ್ತು. ಬೋವ್ವಾ ಹಾಗೆ ಮಾಡಿಲ್ಲ. ಚಿತ್ರದ ಮೊದಲ ಭಾಗದಲ್ಲಿ ಹೆಚ್ಚಿನದೇನೂ ನಡೆಯುವುದೇ ಇಲ್ಲ. ಸನ್ಯಾಸಿಗಳು ತೋಟ ಅಗೆಯುತ್ತಾರೆ, ಸಂತೆಯಲ್ಲಿ ಜೇನು ಮಾರುತ್ತಾರೆ, ಹಳ್ಳಿಯ ಹುಡುಗನ ಸುನ್ನತಿಯ ಸಂಭ್ರಮಕ್ಕೆ ಹೋಗಿ ನೆಂಟರ ಹಾಗೆ ಕೂರುತ್ತಾರೆ. ವಯಸ್ಸಾದ ಬ್ರದರ್ ಲೂಕ್ ಬೆಳಗಿನಿಂದ ರೋಗಿಗಳನ್ನು ನೋಡುತ್ತಾರೆ. ಮದುವೆಯ ವಯಸ್ಸಿಗೆ ಬಂದ ಹಳ್ಳಿಯ ಹುಡುಗಿಯೊಬ್ಬಳು ಮನೆಯಲ್ಲಿ ಕೇಳಲಾಗದ ಮಾತನ್ನು, ಪ್ರೀತಿ ಎಂದರೇನು ಎಂಬುದನ್ನು, ಈ ಮುದುಕರಲ್ಲಿ ಕೇಳುತ್ತಾಳೆ. ಹಿನ್ನೆಲೆ ಸಂಗೀತವಿಲ್ಲ, ಸನ್ಯಾಸಿಗಳ ಪ್ರಾರ್ಥನಾ ಗಾಯನವೇ ಸಂಗೀತ. ಅವಸರದ ಪ್ರೇಕ್ಷಕನಿಗೆ ಇದು ನಿಧಾನವೆನಿಸಬಹುದು. ಆದರೆ ಈ ನಿಧಾನವೇ ಚಿತ್ರದ ವಾದ. ಕೊನೆಗೆ ಇವರು ಯಾಕೆ ಓಡಿಹೋಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಇರುವುದು ಈ ಸಾಮಾನ್ಯ ದಿನಗಳಲ್ಲಿ. ರೋಗಿಗಳ ಸಾಲು ನಾಳೆಯೂ ಇರುತ್ತದೆ. ಅವರನ್ನು ಬಿಟ್ಟು ಎಲ್ಲಿಗೆ ಹೋಗುವುದು?

ನಿಜಜೀವನದ ಲೂಕ್ 1946ರಿಂದ ಆ ಹಳ್ಳಿಯಲ್ಲಿದ್ದ ವೈದ್ಯ. ಅಪಹರಣದ ವೇಳೆಗೆ ಅವರಿಗೆ 82 ವರ್ಷ. ಬಂದವನು ಯಾವ ಪಕ್ಷದವನು ಎಂದು ಕೇಳದೆ ಚಿಕಿತ್ಸೆ ಕೊಡುವುದು ಅವರ ಪದ್ಧತಿಯಾಗಿತ್ತು. ಚಿತ್ರದಲ್ಲಿ ಗಾಯಗೊಂಡ ಬಂಡುಕೋರನಿಗೂ ಅವರು ಮದ್ದು ಹಾಕುತ್ತಾರೆ. ಸೇನೆಗೆ ಇದು ಇಷ್ಟವಾಗುವುದಿಲ್ಲ. ಬಂಡುಕೋರರ ನಾಯಕ ಸತ್ತಾಗ ಮಠಾಧಿಪತಿ ಕ್ರಿಸ್ತಿಯಾನ್ ಶವವನ್ನು ಗುರುತಿಸಲು ಹೋಗಿ, ಅದರೆದುರು ಪ್ರಾರ್ಥಿಸುತ್ತಾರೆ. ಸೇನಾಧಿಕಾರಿ ಸಿಡಿಮಿಡಿಗೊಳ್ಳುತ್ತಾನೆ. ಶತ್ರುವನ್ನು ಪ್ರೀತಿಸಬೇಕೆಂಬ ಯೇಸುವಿನ ಬೋಧನೆಯನ್ನು ಲಕ್ಷಾಂತರ ಪ್ರವಚನಗಳಲ್ಲಿ ಕೇಳಬಹುದು. ಅದನ್ನು ಪಾಲಿಸಿದರೆ ಎರಡೂ ಕಡೆಯವರ ಸಂಶಯಕ್ಕೆ ಗುರಿಯಾಗಬೇಕಾಗುತ್ತದೆ ಎಂಬುದನ್ನು ಈ ದೃಶ್ಯಗಳು ಒಂದೂ ಪ್ರವಚನವಿಲ್ಲದೆ ಹೇಳುತ್ತವೆ.

ಕ್ರಿಸ್ಮಸ್ ರಾತ್ರಿಯ ದೃಶ್ಯವಂತೂ ಮುಸ್ಲಿಮ್ ಪ್ರೇಕ್ಷಕನನ್ನು ವಿಶೇಷವಾಗಿ ತಟ್ಟುವಂತಹದ್ದು. ವೈದ್ಯರನ್ನು ಕರೆದೊಯ್ಯಲು ಬಂದ ನಾಯಕನಿಗೆ ಕ್ರಿಸ್ತಿಯಾನ್ 'ಕೊಡಲಾಗದು' ಎನ್ನುತ್ತಾರೆ. ಬಳಿಕ ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯದ 82ನೇ ವಚನವನ್ನು ನೆನಪಿಸುತ್ತಾರೆ. ವಿಶ್ವಾಸಿಗಳ ಸ್ನೇಹಕ್ಕೆ ಕ್ರೈಸ್ತರು ಹೆಚ್ಚು ಸಮೀಪದವರು, ಅವರಲ್ಲಿ ವಿದ್ವಾಂಸರೂ ಸನ್ಯಾಸಿಗಳೂ ಇದ್ದಾರೆ, ಅವರು ಅಹಂಕಾರ ಪಡುವುದಿಲ್ಲ ಎಂಬ ಆಶಯದ ವಚನವದು. ಕ್ರಿಸ್ತಿಯಾನ್ ಆರಂಭಿಸಿದ್ದನ್ನು ಬಂದೂಕುಧಾರಿಯೇ ಪೂರ್ತಿಗೊಳಿಸುತ್ತಾನೆ. ಅಂದು ಅವನು ಬರಿಗೈಯಲ್ಲಿ ಹಿಂದಿರುಗುತ್ತಾನೆ. ಒಬ್ಬ ಕ್ರೈಸ್ತನ ಬಾಯಿಂದ ಬಂದ ಕುರ್‌ಆನ್ ವಚನ ಆ ಗ್ರಂಥದ ಹೆಸರಿನಲ್ಲೇ ಕೊಲ್ಲಲು ಹೊರಟವನನ್ನು ತಡೆಯುತ್ತದೆ. ನಾಯಕ ಹೋದ ಮೇಲೆ ಸಹಸನ್ಯಾಸಿಗಳು ಕ್ರಿಸ್ತಿಯಾನ್‌ರನ್ನು ಹೊಗಳುವುದಿಲ್ಲ, ನಮ್ಮನ್ನು ಕೇಳದೆ ನೀನೊಬ್ಬನೇ ಹೇಗೆ ನಿರ್ಧರಿಸಿದೆ ಎಂದು ತರಾಟೆಗೆ ತೆಗೆದುಕೊಳ್ಳುತ್ತಾರೆ. ಕೆಲವರಿಗೆ ಊರಿಗೆ ಹಿಂದಿರುಗುವ ಮನಸ್ಸು, ಒಬ್ಬರು ರಾತ್ರಿಯೆಲ್ಲಾ ದೇವರಲ್ಲಿ ಗೋಗರೆಯುತ್ತಾರೆ. ಈ ಅಳುಕನ್ನು ಮುಚ್ಚಿಡದಿರುವುದು ಚಿತ್ರದ ಪ್ರಾಮಾಣಿಕತೆ.

ಕ್ರೈಸ್ತರ ಸೇವೆ ಎಂದೊಡನೆ ಮತಾಂತರದ ಮಾತೆತ್ತುವುದು ಕರ್ನಾಟಕದಲ್ಲಿ ಹೊಸತಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಕರಾವಳಿಯ ಚರ್ಚ್‌ಗಳ ಮೇಲೆ ದಾಳಿಯಾದಾಗಲೂ ಅದೇ ಆರೋಪವನ್ನು ಮುಂದಿಡಲಾಗಿತ್ತು. ತಿಭಿರಿನ್‌ನ ಸನ್ಯಾಸಿಗಳು ದಶಕಗಳ ಕಾಲ ಮದ್ದು ಕೊಟ್ಟರು, ಹಳ್ಳಿಗರೊಡನೆ ಪಾಲುದಾರಿಕೆಯಲ್ಲಿ ತೋಟ ಮಾಡಿದರು. ಹಳ್ಳಿಯಲ್ಲಿ ಮಸೀದಿ ಇರದಿದ್ದಾಗ ನಮಾಝಿಗಾಗಿ ಮಠದ ಕಟ್ಟಡವೊಂದನ್ನೇ ಬಿಟ್ಟುಕೊಟ್ಟರು. ಯಾರನ್ನೂ ತಮ್ಮ ಧರ್ಮಕ್ಕೆ ಕರೆಯಲಿಲ್ಲ. ಮುಸ್ಲಿಮರು ಮುಸ್ಲಿಮರಾಗಿಯೇ, ಕ್ರೈಸ್ತರು ಕ್ರೈಸ್ತರಾಗಿಯೇ ಉಳಿದು ನೆರೆಯವರಾದರು. ಸೇವೆಗೆ ಸೇವೆಯೇ ಉದ್ದೇಶವಾಗಿರಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಇಷ್ಟು ಹೇಳಿದ ಮೇಲೆ ಚಿತ್ರದ ಬಗ್ಗೆ ಎರಡು ತಕರಾರುಗಳನ್ನೂ ಹೇಳಬೇಕು.

ಮೊದಲನೆಯದು ಕೊನೆಯ ಭೋಜನದ ದೃಶ್ಯ. ಎಲ್ಲರೂ ಉಳಿಯುವುದೆಂದು ತೀರ್ಮಾನಿಸಿದ ಮೇಲೆ ಸನ್ಯಾಸಿಗಳು ಒಟ್ಟಾಗಿ ಊಟಕ್ಕೆ ಕೂರುತ್ತಾರೆ. ಲೂಕ್ ಕ್ಯಾಸೆಟ್ ಹಾಕುತ್ತಾರೆ, ಚೈಕೊವ್‌ಸ್ಕಿಯ 'ಸ್ವಾನ್ ಲೇಕ್' ಸಂಗೀತ ಏರುತ್ತದೆ, ಕ್ಯಾಮರಾ ಒಂದೊಂದೇ ಮುಖದ ಹತ್ತಿರ ಹೋಗಿ ಕಣ್ಣೀರನ್ನು ತೋರಿಸುತ್ತದೆ. ಬಹಳಷ್ಟು ವಿಮರ್ಶಕರು ಮೆಚ್ಚಿದ ದೃಶ್ಯವಿದು. ಆದರೆ ಅಲ್ಲಿಯವರೆಗೆ ಅಡುಗೆಮನೆ, ತೋಟ, ಔಷಧಾಲಯಗಳಲ್ಲಿ ನಂಬಿಕೆ ಇಟ್ಟಿದ್ದ ಚಿತ್ರ ಇಲ್ಲಿ ಸಂಗೀತದ ಮೊರೆ ಹೋಗುತ್ತದೆ. ಯೇಸು ಮತ್ತು ಶಿಷ್ಯರ ಕೊನೆಯ ಭೋಜನವನ್ನು ಇಷ್ಟು ಒತ್ತಿ ನೆನಪಿಸುವ ಅಗತ್ಯವಿರಲಿಲ್ಲ.

ಎರಡನೆಯದು ಹೆಚ್ಚು ಮುಖ್ಯ. ಹಳ್ಳಿಗರು ಚಿತ್ರದಲ್ಲಿ ಒಳ್ಳೆಯವರಾಗಿದ್ದಾರೆ, ಆದರೆ ಹೆಚ್ಚಾಗಿ ಗುಂಪಾಗಿಯೇ ಉಳಿಯುತ್ತಾರೆ. ಸನ್ಯಾಸಿಗಳಿಗೆ ಫ್ರಾನ್ಸ್‌ಗೆ ಮರಳುವ ದಾರಿಯಿತ್ತು, ಹಳ್ಳಿಗರಿಗೆ ಎಲ್ಲಿಗೂ ದಾರಿಯಿರಲಿಲ್ಲ. ನಾವು ಕೊಂಬೆಯ ಮೇಲಿನ ಹಕ್ಕಿಗಳಂತೆ, ಹೋಗುತ್ತೇವೋ ಇಲ್ಲವೋ ಗೊತ್ತಿಲ್ಲ ಎಂದು ಸನ್ಯಾಸಿಯೊಬ್ಬರು ಹೇಳಿದಾಗ ಹಳ್ಳಿಯ ಹೆಂಗಸು ಅದನ್ನು ತಿದ್ದುತ್ತಾಳೆ: ಹಕ್ಕಿಗಳು ನಾವು, ಕೊಂಬೆ ನೀವು. ಚಿತ್ರದ ಅತ್ಯುತ್ತಮ ಮಾತು ಅವಳದ್ದು. ಆದರೆ ಅವಳ ಮನೆಯನ್ನು, ಅವಳ ರಾತ್ರಿಗಳ ಭಯವನ್ನು ಚಿತ್ರ ತೋರಿಸುವುದಿಲ್ಲ. ಆ ಯುದ್ಧದಲ್ಲಿ ಸತ್ತವರಲ್ಲಿ ಬಹುಪಾಲು ಸಾಮಾನ್ಯ ಮುಸ್ಲಿಮರು. ಹಿಂಸೆಯನ್ನು ಸಮರ್ಥಿಸಲು ಒಪ್ಪದ ಇಮಾಮರೂ ಅವರಲ್ಲಿದ್ದರು.

ಇನ್ನೂ ಒಂದು ಹೆಸರು ಇಲ್ಲಿ ಬರಬೇಕಿತ್ತು: ಮುಹಮ್ಮದ್. ಕ್ರಿಸ್ತಿಯಾನ್ ದ ಶೆರ್ಜೆ ಅಲ್ಜೀರಿಯದ ಸ್ವಾತಂತ್ರ್ಯ ಸಮರದ ಕಾಲದಲ್ಲಿ ಫ್ರೆಂಚ್ ಸೇನೆಯ ಯುವ ಅಧಿಕಾರಿಯಾಗಿದ್ದಾಗ, ಹತ್ತು ಮಕ್ಕಳ ತಂದೆಯಾದ ಈ ಗ್ರಾಮರಕ್ಷಕ ಅವರ ಸ್ನೇಹಿತನಾಗಿದ್ದ. ಒಂದು ದಿನ ದಾಳಿಕೋರರ ಎದುರು ನಿಂತು ಕ್ರಿಸ್ತಿಯಾನ್‌ರನ್ನು ಉಳಿಸಿದ. ಮರುದಿನ ಅವನ ಹೆಣ ಸಿಕ್ಕಿತು. ಆ ಮುಸ್ಲಿಮನ ತ್ಯಾಗವೇ ತನ್ನನ್ನು ಈ ನೆಲಕ್ಕೆ ಮರಳಿ ಕರೆತಂದಿತೆಂದು ಕ್ರಿಸ್ತಿಯಾನ್ ನಂಬಿದ್ದರು. ಅಂದರೆ ತಿಭಿರಿನ್‌ನ ಕತೆ ಕ್ರೈಸ್ತರು ಮುಸ್ಲಿಮರಿಗೆ ಕೊಟ್ಟದ್ದರ ಕತೆ ಮಾತ್ರವಲ್ಲ, ಪಡೆದದ್ದನ್ನು ಮರಳಿ ಕೊಟ್ಟದ್ದರ ಕತೆ. ಮುಹಮ್ಮದನನ್ನು ಬಿಟ್ಟದ್ದರಿಂದ ಚಿತ್ರದಲ್ಲಿ ಈ ಕೊಡುಕೊಳುವಿಕೆ ಏಕಮುಖವಾಗಿ ಕಾಣುತ್ತದೆ.

ಕೊಂದವರು ಯಾರು ಎಂಬುದನ್ನು ಚಿತ್ರ ಹೇಳುವುದಿಲ್ಲ. ಜಿಐಎ ಎಂಬ ಸಶಸ್ತ್ರ ಗುಂಪು ಹೊಣೆ ಹೊತ್ತಿದ್ದರೂ ಸೇನೆಯ ಪಾತ್ರದ ಬಗ್ಗೆ 2009ರಲ್ಲಿ ನಿವೃತ್ತ ಫ್ರೆಂಚ್ ಜನರಲ್ ಒಬ್ಬರು ಸಂಶಯ ವ್ಯಕ್ತಪಡಿಸಿದರು. ವಿವಾದ ಇತ್ಯರ್ಥವಾಗದಿರುವಾಗ ತೀರ್ಪು ಕೊಡದೆ, ಸನ್ಯಾಸಿಗಳನ್ನು ಹಿಮದ ಮಂಜಿನಲ್ಲಿ ಮರೆಯಾಗಿಸಿದ್ದು ಸರಿಯಾಗಿಯೇ ಇದೆ. ಅಪಹರಣಕ್ಕೆ ಎರಡು ವರ್ಷಗಳಿಗೂ ಮೊದಲೇ ಬರೆದಿಟ್ಟ ಪತ್ರದಲ್ಲಿ ಕ್ರಿಸ್ತಿಯಾನ್ ತನ್ನನ್ನು ಕೊಲ್ಲಲಿರುವವನನ್ನು ಮುಂದಾಗಿ ಕ್ಷಮಿಸಿದ್ದರು. ತನ್ನ ಸಾವನ್ನು ನೆಪ ಮಾಡಿಕೊಂಡು ಅಲ್ಜೀರಿಯದ ಜನರನ್ನೂ ಇಸ್ಲಾಮನ್ನೂ ದೂಷಿಸಬಾರದು ಎಂಬುದೇ ಅವರ ಚಿಂತೆಯಾಗಿತ್ತು. ಸಾಯಲಿರುವ ಮನುಷ್ಯ ತನ್ನ ನೆರೆಯವರ ಮಾನ ಕಾಯಲು ಯೋಚಿಸಿದ.

2018ರ ಡಿಸೆಂಬರ್‌ನಲ್ಲಿ ಅಲ್ಜೀರಿಯದ ಓರಾನ್ ನಗರದಲ್ಲಿ ಕ್ಯಾಥೊಲಿಕ್ ಚರ್ಚ್ ಈ ಏಳು ಮಂದಿಯನ್ನು ಇತರ 12 ಮಂದಿಯೊಂದಿಗೆ 'ಪುನೀತರು' ಎಂದು ಘೋಷಿಸಿತು. ಅದು ಅವರ ಧರ್ಮದ ಗೌರವ. ಹಳ್ಳಿಗರಿಗೆ ಅವರು ಮೊದಲೇ ಗೊತ್ತಿದ್ದವರು: ಮದ್ದು ಕೊಡುವ ವೈದ್ಯರಾಗಿ, ತೋಟದ ಪಾಲುದಾರರಾಗಿ, ಹಬ್ಬದೂಟಕ್ಕೆ ಬರುವ ಅತಿಥಿಗಳಾಗಿ. ಚಿತ್ರ ಮುಗಿದ ಮೇಲೆ ಕ್ರೈಸ್ತರಾಗಲಿ ಮುಸ್ಲಿಮರಾಗಲಿ ಹಿಂದೂಗಳಾಗಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ನಮ್ಮ ಬೀದಿಯಲ್ಲಿರುವ ಅನ್ಯಧರ್ಮೀಯ ನೆರೆಯವನು ಕಷ್ಟದ ರಾತ್ರಿಯಲ್ಲಿ ಹಿಂಜರಿಯದೆ ತಟ್ಟುವ ಬಾಗಿಲು ನಮ್ಮದಾಗಿದೆಯೇ?