ಬೆಡಗನ್ನು ಬಿಡಿಸುವ ಬಗೆ

ವಚನ ವಾಙ್ಮಯದ ಅಭ್ಯಾಸಿಗಳಿಗೆ ಬೆಡಗಿನ ವಚನಗಳು ಏಕಕಾಲದಲ್ಲಿ ಆಕರ್ಷಣೆಯೂ ಹೌದು, ಆತಂಕವೂ ಹೌದು. ಅಲ್ಲಮಪ್ರಭುದೇವರ ವಚನಗಳಲ್ಲಿ ಕಪ್ಪೆ, ಹಾವು, ಹುಲಿ, ಗಿಳಿ ಮೊದಲಾದ ಪರಿಚಿತ ಪ್ರಾಣಿಗಳೇ ಬರುತ್ತವೆ. ಆದರೆ ಅವು ಮಾಡುವುದು ಲೋಕದಲ್ಲಿ ಎಂದೂ ನಡೆಯದ ಕೆಲಸವನ್ನು. ಓದುಗನು ತಬ್ಬಿಬ್ಬಾಗಿ ಅರ್ಥವನ್ನು ಅರಸುತ್ತಾನೆ. ಇದು ಮನಸ್ಸು, ಅದು ಮಾಯೆ, ಮತ್ತೊಂದು ಪ್ರಾಣ ಎಂದು ಕೈಪಿಡಿ ಹೇಳುತ್ತದೆ. ಅವನು ಅದನ್ನು ಬರೆದುಕೊಂಡು ತೃಪ್ತನಾಗುತ್ತಾನೆ. ಈ ತೃಪ್ತಿ ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದೇ ಪ್ರಸ್ತುತ ವಿಚಾರ. ಇದನ್ನು ತಿಳಿಯಲು ಬೆಡಗಿನ ಹಳ್ಳಿಯ ಬಂಧುವಾದ ಒಗಟಿನ ಬಳಿಗೆ ಹೋಗುವುದು ಒಳ್ಳೆಯದು.

ಗೂಢವಾಗಿ ನುಡಿಯುವ ಹವ್ಯಾಸ ಬಹು ಪ್ರಾಚೀನವಾದುದು. ದಂಡಿಯು ಕಾವ್ಯಾದರ್ಶದಲ್ಲಿ 16 ಬಗೆಯ ಪ್ರಹೇಳಿಕೆಗಳನ್ನು ಹೇಳಿ, ಅವುಗಳ ಪ್ರಯೋಜನಗಳಲ್ಲಿ ಗೋಷ್ಠಿಯ ವಿನೋದವನ್ನೂ, ಜನರ ನಡುವೆ ಗುಟ್ಟಾಗಿ ಮಾತನಾಡುವುದನ್ನೂ ಎಣಿಸಿದ್ದಾನೆ. ನಮ್ಮ ಜನಪದರಲ್ಲಿ ಒಗಟು, ಒಡಪುಗಳಿವೆ, ಕನಕದಾಸರಲ್ಲಿ ಮುಂಡಿಗೆಗಳಿವೆ, ಉತ್ತರದ ಸಿದ್ಧರಲ್ಲಿ ಸಂಧ್ಯಾಭಾಷೆಯೂ ಕಬೀರರಲ್ಲಿ ಉಲಟ್‌ಬಾಂಸಿಯೂ ಇವೆ. ಬೆಡಗಿಗೂ ಸಂಧ್ಯಾಭಾಷೆಗೂ ಇರುವ ನಂಟನ್ನು ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟವಾದ 'ಸ್ಪೀಕಿಂಗ್ ಆಫ್ ಶಿವ' ಗ್ರಂಥದಲ್ಲಿ ಸೂಚಿಸಿದ್ದಾರೆ. ಇವುಗಳಲ್ಲಿ ಒಗಟು ಒಬ್ಬಂಟಿಯ ಸೊತ್ತಲ್ಲ. ಒಡ್ಡುವವನೊಬ್ಬ, ಬಿಡಿಸುವವನೊಬ್ಬ ಎದುರುಬದುರಾಗಿ ಕುಳಿತಾಗಲೇ ಅದಕ್ಕೆ ಜೀವ.

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌ನಲ್ಲಿ ನಾವು ನಾಲ್ಕಾರು ಮಂದಿ ನಿವೃತ್ತರು ಸಂಜೆ ಒಟ್ಟುಗೂಡಿ, ಸ್ವಂತವಾಗಿ ಕಟ್ಟಿದ ಒಗಟುಗಳನ್ನು ಒಬ್ಬರಿಗೊಬ್ಬರು ಒಡ್ಡುವ ರೂಢಿಯುಂಟು. ಅಂಥದೊಂದನ್ನು ಇಲ್ಲಿ ಉದಾಹರಿಸಬಹುದು: "ಮೂರಕ್ಷರದವನು; ತಲೆ ತೆಗೆದರೆ ಯುದ್ಧ, ಕಾಲು ತೆಗೆದರೆ ಬಾಣ; ಇಡಿಯಾಗಿ ನಿಂತರೆ ಎರಡೂ ಇಲ್ಲ." ಒಬ್ಬರು ಕೂಡಲೇ 'ಮರಣ' ಎಂದರು. ತಲೆ ತೆಗೆದರೆ ರಣವಾಗುತ್ತದೆ. ಮರಣದಲ್ಲಿ ಯುದ್ಧವೂ ಬಾಣವೂ ಇಲ್ಲವೆಂಬುದೂ ಸರಿಯೇ. ಆದರೆ ಕಾಲು ತೆಗೆದರೆ ಉಳಿಯುವುದು ಮರ, ಬಾಣವಲ್ಲ. ಕರಣ, ಚರಣಗಳೂ ಅಲ್ಲಿಯೇ ಮುಗ್ಗರಿಸಿದುವು. ಕೊನೆಗೆ 'ಶರಣ' ಎಂಬ ಉತ್ತರ ಹೊರಟಾಗ ರಣವೂ ಶರವೂ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತವು.

ಈ ಸಣ್ಣ ವಿನೋದದಿಂದ ವಿಮರ್ಶೆಗೆ ದೊರೆಯುವ ಪಾಠಗಳು ಮೂರು. ಮೊದಲನೆಯದು, ಒಗಟಿನ ಯಾವ ಮಾತನ್ನೂ ಲೆಕ್ಕದಿಂದ ಬಿಡಲಾಗದು. ಮುಕ್ಕಾಲು ಪಾಲು ಹೊಂದುವ ಉತ್ತರ ಉತ್ತರವೇ ಅಲ್ಲ. ಎರಡನೆಯದು, ಸರಿತಪ್ಪುಗಳನ್ನು ಹೇಳಬಲ್ಲ ಕರ್ತೃ ಎದುರಿಗೇ ಇದ್ದಾನೆ. ಮೂರನೆಯದು, ಉತ್ತರ ದೊರೆತೊಡನೆ ಅಕ್ಷರಗಳ ಆಟ ಮುಗಿಯುತ್ತದೆ. ಆದರೆ ಶರಣನು ಇಡಿಯಾಗಿ ನಿಲ್ಲುವುದೆಂದರೇನು ಎಂಬ ಪ್ರಶ್ನೆ ಉತ್ತರದ ಅನಂತರವೂ ಉಳಿಯುತ್ತದೆ. ಒಗಟು ಮುಗಿದು ಬೆಡಗು ಮೊದಲಾಗುವುದು ಈ ಎಡೆಯಲ್ಲಿ.

ಈಗ ಟಿಪ್ಪಣಿಗಳ ವಿಷಯ. ಬೆಡಗಿನ ವಚನಗಳಿಗೆ ಟೀಕೆ ಟಿಪ್ಪಣಿಗಳನ್ನು ರಚಿಸಿದ ವಿರಕ್ತರ ಪರಂಪರೆಗೆ ಕನ್ನಡಿಗರು ಋಣಿಗಳು. ಕಲ್ಯಾಣದ ವಿಪ್ಲವದ ಬಳಿಕ ಚದುರಿದ ವಚನಗಳನ್ನು ವಿಜಯನಗರದ ಕಾಲದಲ್ಲಿ ಸಂಗ್ರಹಿಸಿ, ಸ್ಥಲಾನುಸಾರ ಜೋಡಿಸಿ, ಅರ್ಥ ಹಚ್ಚಿದ ಅವರ ಶ್ರಮವಿಲ್ಲದಿದ್ದರೆ, ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತರಲು ಬೇಕಾದ ಸಾಮಗ್ರಿಯೇ ಇರುತ್ತಿರಲಿಲ್ಲ. ಆದರೂ ಟಿಪ್ಪಣಿಯ ಕ್ರಮದಲ್ಲಿ ಒಂದು ಮಿತಿಯುಂಟು. ಅದು ಬಹುಮಟ್ಟಿಗೆ ನಾಮಪದಗಳನ್ನು ಬಿಡಿಸುತ್ತದೆ. ಕ್ರಿಯಾಪದವನ್ನು ಮುಟ್ಟುವುದು ಕಡಿಮೆ. ಕಪ್ಪೆಗೆ ಒಂದು ತತ್ತ್ವದ ಹೆಸರು, ಹಾವಿಗೆ ಇನ್ನೊಂದರ ಹೆಸರು ದೊರೆಯುತ್ತದೆ. ಆದರೆ ಕಿರಿದಾದುದು ಹಿರಿದಾದುದನ್ನು ನುಂಗಿತೆಂದು ಪ್ರಭುದೇವರು ಹೇಳಿದಾಗ ವಚನದ ಕಸುವು ಇರುವುದು ಆ ನುಂಗುವಿಕೆಯಲ್ಲಿ. ಎರಡು ಹೆಸರುಗಳನ್ನು ಬದಲಿಸಿ ಆ ಅಸಂಭವವನ್ನು ಹಾಗೆಯೇ ದಾಟಿಹೋಗುವುದು, ಬಾಣವನ್ನು ಮರೆತು 'ಮರಣ' ಎಂದಂತೆಯೇ ಸರಿ.

ಅಂಕಿತವನ್ನೂ ಈ ದೃಷ್ಟಿಯಿಂದ ಗಮನಿಸಬೇಕು. ಒಗಟು ಹೆಸರನ್ನು ಬಚ್ಚಿಡುತ್ತದೆ. ಬೆಡಗಿನ ವಚನವು ಗುಹೇಶ್ವರನ ಹೆಸರನ್ನು ಕೂಗಿಯೇ ಹೇಳುತ್ತದೆ. ಗುಹೆಯ ಒಡೆಯ ಎನ್ನುವಾಗ ಬೆಟ್ಟದ ಗುಹೆಯೂ ಹೃದಯದ ಗುಹೆಯೂ ಒಂದೇ ಮಾತಿನಲ್ಲಿ ತೋರುತ್ತವೆ. ಕೂಡಲಸಂಗಮದೇವ ಎಂಬಲ್ಲಿಯೂ ಕೃಷ್ಣೆ ಮಲಪ್ರಭೆಗಳು ಕೂಡುವ ಕ್ಷೇತ್ರದೊಡನೆ ಅಂಗ ಲಿಂಗಗಳ ಕೂಟವೂ ಧ್ವನಿತವಾಗುತ್ತದೆ. ಹೀಗೆ ಹೆಸರು ತಿಳಿದಿದ್ದರೂ ಬಿಡಿಸುವುದು ಉಳಿದೇ ಇರುವುದು ವಚನದ ವೈಶಿಷ್ಟ್ಯ.

ಟಿಪ್ಪಣಿಯಲ್ಲದೆ ಬೇರೊಂದು ಮಾರ್ಗವನ್ನು 15ನೆಯ ಶತಮಾನದಲ್ಲಿಯೇ ಕಂಡವರು ಶಿವಗಣಪ್ರಸಾದಿ ಮಹಾದೇವಯ್ಯನವರು. ತಮ್ಮ ಶೂನ್ಯಸಂಪಾದನೆಯಲ್ಲಿ ಅವರು ಬಿಡಿ ವಚನಗಳನ್ನು ಸಂವಾದವಾಗಿ ಹೆಣೆದರು; ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ಈ ಕೃತಿ ನಾಲ್ಕು ರೂಪಗಳನ್ನು ತಾಳಿತು. ಇಲ್ಲಿ ಪ್ರಭುದೇವರ ಗೂಢನುಡಿಗೆ ಎದುರಿನವರು ಪರ್ಯಾಯಪದ ಕೊಡುವುದಿಲ್ಲ. ತಮ್ಮ ಅನುಭವದಿಂದ ಹೊಮ್ಮಿದ ಮತ್ತೊಂದು ವಚನವನ್ನು ಕೊಡುತ್ತಾರೆ. ಮುಕ್ತಾಯಕ್ಕನ ಪ್ರಸಂಗವನ್ನೇ ನೋಡಿರಿ. ಅಣ್ಣನೂ ಗುರುವೂ ಆದ ಅಜಗಣ್ಣನನ್ನು ಕಳೆದುಕೊಂಡು ದುಃಖದಲ್ಲಿರುವ ಆಕೆಯ ಮುಂದೆ ಪ್ರಭುದೇವರು ಮಾತನಾಡುತ್ತಾರೆ. ಆಕೆ ಸುಲಭವಾಗಿ ಒಪ್ಪುವುದಿಲ್ಲ, ಮರುನುಡಿಯುತ್ತಾಳೆ, ಪ್ರಶ್ನಿಸುತ್ತಾಳೆ. ಅಂಥ ಗಳಿಗೆಯಲ್ಲಿ ನಿಘಂಟಿನ ಅರ್ಥದಿಂದ ಯಾರ ಶೋಕ ಇಳಿದೀತು? ಸಾವಿನ ಗೂಢವನ್ನು ಕೇಳುವವಳು ಸ್ವತಃ ಹೊಕ್ಕು ಬಿಡಿಸಿಕೊಳ್ಳಬೇಕು. ಒಡ್ಡುವವರ ಕೆಲಸ ಆಕೆಯನ್ನು ಸುಳ್ಳು ಉತ್ತರದಲ್ಲಿ ನಿಲ್ಲಗೊಡದಿರುವುದು.

ನಮ್ಮ ಎದುರಿನಲ್ಲಿ ಇಂದು ಪ್ರಭುದೇವರಿಲ್ಲ. ಹೌದು ಅಲ್ಲ ಎನ್ನುವವರಿಲ್ಲ. ಆ ಬರಿದಾದ ಪೀಠದಲ್ಲಿ ಟಿಪ್ಪಣಿಕಾರರನ್ನು ಕುಳ್ಳಿರಿಸುವುದು ಸುಲಭ. ಅದಕ್ಕಿಂತ ಅವರನ್ನು ಗೋಷ್ಠಿಯ ಒಬ್ಬ ಹಿರಿಯ ಸಂಗಾತಿಯೆಂದು ಬಗೆಯುವುದು ಲೇಸು. ಬೆಡಗಿನ ವಚನವನ್ನು ಮೊದಲು ನಾಲ್ವರು ಕೂಡಿ ಗಟ್ಟಿಯಾಗಿ ಓದಬೇಕು. ಟಿಪ್ಪಣಿಯನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟು, ಪ್ರತಿಯೊಂದು ಕ್ರಿಯಾಪದಕ್ಕೂ ಲೆಕ್ಕ ಕೇಳಬೇಕು. ಅನಂತರ ಟಿಪ್ಪಣಿಯನ್ನು ತೆರೆದು, ಅದಕ್ಕೂ ಅದೇ ಪರೀಕ್ಷೆಯನ್ನು ಒಡ್ಡಬೇಕು. ಪರೀಕ್ಷೆಗೆ ಬರೆಯುವ ವಿದ್ಯಾರ್ಥಿಗೂ ನಿತ್ಯ ಪಾರಾಯಣ ಮಾಡುವ ಭಕ್ತರಿಗೂ ಈ ಕ್ರಮ ಸಮಾನವಾಗಿ ಹಿತಕರ. ಅರ್ಥ ಗೊತ್ತಾಯಿತೆಂದು ಪುಸ್ತಕ ಮುಚ್ಚುವವನಿಗೆ ದೊರೆತದ್ದು ಒಗಟಿನ ಉತ್ತರ ಮಾತ್ರ. ಬೆಡಗು ಇನ್ನೂ ಪುಸ್ತಕದೊಳಗೇ ಇರುತ್ತದೆ.